ಕಣ್ಣು ಬಂದಿಲ್ರೀ, ಇದು ರೆಪ್ಪೆಯ ಕಾಟ

ಕಲಬುರಗಿಯಲ್ಲಿ ಕಣ್ಣು ಕೆಂಪಾದರೆ ಕಾರಣ ಯಾರೂ ಕೇಳುವುದಿಲ್ಲ, ತಾವೇ ಹೇಳಿಬಿಡುತ್ತಾರೆ. ಬೇಸಿಗೆಯಾದರೆ ಬಿಸಿಲು. ಮಳೆಗಾಲವಾದರೆ ಕಣ್ಣು ಬಂದಿವೆ. ಉಳಿದ ತಿಂಗಳೆಲ್ಲ ಧೂಳು. ನನ್ನ ವಿಷಯದಲ್ಲಿ ಮೂರೂ ಕಾರಣಗಳು ಸರದಿಯಂತೆ ಬಂದು ಹೋದವು. ಕೆಂಪು ಮಾತ್ರ ಹೋಗಲಿಲ್ಲ.

ನಾನು ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬರೆಯುವುದು ಅಂದರೆ ಈಗ ಟ್ಯಾಲಿಯಲ್ಲಿ ಕುಟ್ಟುವುದು. ತೊಗರಿ ಸುಗ್ಗಿ ಶುರುವಾಯಿತು ಅಂದರೆ ಕಂಪ್ಯೂಟರಿನಿಂದ ಕಣ್ಣು ಕೀಳಲು ಪುರುಸೊತ್ತಿಲ್ಲ. ಹೊರಗೆ ತೊಗರಿಗೆ ಎಣ್ಣೆ ಸವರಿ ಅಂಗಳದಲ್ಲಿ ಒಣಹಾಕಿರುತ್ತಾರೆ. ಒಳಗೆ ಯಂತ್ರ ಸಿಪ್ಪೆ ಬಿಡಿಸುತ್ತಿರುತ್ತದೆ. ಬೆಳಿಗ್ಗೆ ಒರೆಸಿದ ಕೀಬೋರ್ಡ್ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಪುಡಿ ಕೂತಿರುತ್ತದೆ. ಇಂಥ ಕಡೆ ಕೆಲಸ ಮಾಡುವವಳ ಕಣ್ಣು ಉರಿದರೆ ಧೂಳು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ?

ಆದರೆ ಈ ಉರಿಗೆ ಅದರದ್ದೇ ಒಂದು ಚಾಳಿ ಇತ್ತು. ಧೂಳಿನಿಂದ ಬಂದದ್ದಾದರೆ ಸಂಜೆ ಜಾಸ್ತಿಯಾಗಬೇಕು, ರಜೆಯ ದಿನ ಕಡಿಮೆಯಾಗಬೇಕು. ನನಗೆ ಬೆಳಿಗ್ಗೆ ಏಳುವಾಗಲೇ ಜಾಸ್ತಿ. ರೆಪ್ಪೆಗೂದಲ ಬುಡದಲ್ಲಿ ಸಣ್ಣ ಸಣ್ಣ ಹಕ್ಕಳೆ, ಮೂಲೆಯಲ್ಲಿ ಪಿಚ್ಚು, ಕೆಲವು ಸಲ ರೆಪ್ಪೆಗಳು ಅಂಟಿಕೊಂಡೇ ಇರುತ್ತಿದ್ದವು. ನೀರು ಹಚ್ಚಿ ನೆನೆಸಿ ಬಿಡಿಸಬೇಕು. ಮಿಲ್ಲಿಗೆ ರಜೆಯಿದ್ದ ಭಾನುವಾರವೂ ಅಷ್ಟೇ. ಆಮೇಲೆ ದಿನವಿಡೀ ಕಣ್ಣೊಳಗೆ ಮರಳು ಬಿದ್ದ ಹಾಗೆ ಚುಚ್ಚುವುದು. ಪರದೆಯ ಮೇಲಿನ ಅಂಕಿಗಳು ಮಸುಕಾಗುವುದು, ನಾಲ್ಕು ಸಲ ರೆಪ್ಪೆ ಬಡಿದರೆ ಮತ್ತೆ ಸರಿಯಾಗುವುದು. ಎರಡೂ ಕಣ್ಣಿಗೆ ಒಂದೇ ಪಾಡು. ಗಾಳಿ ಬೀಸಿದರೆ ನೀರು ಸುರಿಯುತ್ತಿತ್ತು. ಸೂಪರ್ ಮಾರ್ಕೆಟ್ ಕಡೆ ಆಟೋದಲ್ಲಿ ಹೋಗುವಾಗ ಎದುರಿಗೆ ಕೂತ ಹೆಂಗಸೊಬ್ಬರು "ಯಾಕವ್ವಾ ಅಳ್ಳತ್ತಿ, ಏನಾಗ್ಯಾದ?" ಅಂತ ಕೇಳಿಯೇ ಬಿಟ್ಟರು.

ಮಿಲ್ಲಿನಲ್ಲಿ ಬೇರೆಯದೇ ಗೋಳು. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹಬ್ಬಿತ್ತು. ನಮ್ಮಲ್ಲೂ ಹಮಾಲರಿಂದ ಹಿಡಿದು ಮಾಲೀಕರ ತನಕ ಸುಮಾರು ಜನ ಕಪ್ಪು ಕನ್ನಡಕ ಹಾಕಿಕೊಂಡು ತಿರುಗಿದ್ದರು. ಆ ನೆನಪು ಯಾರಿಗೂ ಮಾಸಿರಲಿಲ್ಲ. "ಕಣ್ಣ ಬಂದಾವೇನ್ರಿ ಮೇಡಂ? ನನ್ನ ಕಡೆ ನೋಡಬ್ಯಾಡ್ರಿ" ಅಂತ ತಮಾಷೆಗೆ ಅನ್ನುತ್ತಾ ಚೀಟಿಯನ್ನು ಮೇಜಿನ ತುದಿಯಲ್ಲಿಟ್ಟು ಹೋಗುವವರು. ಮದ್ರಾಸ್ ಐ ನೋಡಿದರೆ ಬರುವುದಿಲ್ಲ. ಕೈಯಿಂದ, ಟವೆಲ್ಲಿನಿಂದ, ದಿಂಬಿನ ಬಟ್ಟೆಯಿಂದ ಬರುತ್ತದೆ. ಅದು ಹೆಚ್ಚೆಂದರೆ ಒಂದೆರಡು ವಾರ ಇದ್ದು ಹೋಗುವ ನೆಂಟ. ನನ್ನದು ಬಿಡಾರ ಹೂಡಿ ತಿಂಗಳುಗಳೇ ಆಗಿದ್ದವು.

ನಡುವೆ ನನ್ನ ತಮ್ಮ ಒಂದು ಮೆಡಿಕಲ್ ಅಂಗಡಿಯಿಂದ ಹನಿ ಔಷಧ ತಂದಿದ್ದ. ಕಣ್ಣು ಕೆಂಪಾಗಿದೆ ಅಂದದ್ದಷ್ಟೇ, ಚೀಟಿ ಗೀಟಿ ಏನೂ ಕೇಳದೆ ಕೊಟ್ಟರಂತೆ. ಹಾಕಿದರೆ ಮಾಯಾಮಂತ್ರ. ಬೇಗನೆ ಬೆಳ್ಳಗಾಯಿತು. ನಿಲ್ಲಿಸಿದರೆ ಮತ್ತೆ ಕೆಂಪು. ಕಡೆಗೆ ಅಮ್ಮನೇ ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೋಗುವಾಗ ಆ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ.

ಡಾಕ್ಟರು ಮೊದಲು ಕಣ್ಣು ನೋಡಲಿಲ್ಲ, ಬಾಟಲಿ ನೋಡಿದರು. ಕನ್ನಡಕ ಹಣೆಗೇರಿಸಿ, ಆ ಇರುವೆ ಅಕ್ಷರಗಳನ್ನು ಓದಿ, "ಇದರಾಗ ಡೆಕ್ಸಾಮೆಥಾಸೋನ್ ಅದ" ಅಂದರು. ಸ್ಟೆರಾಯ್ಡ್. ಉರಿಯೂತವನ್ನು ಬೇಗ ತಗ್ಗಿಸುತ್ತದೆ, ಅದಕ್ಕೇ ಮಾಯಾಮಂತ್ರ. ಬೇಕಾದಾಗ ಕಣ್ಣಿನ ಡಾಕ್ಟರೂ ಬರೆದುಕೊಡುತ್ತಾರೆ, ಇಷ್ಟು ದಿನ ಅಂತ ಲೆಕ್ಕ ಹಾಕಿ, ನಡುವೆ ತಪಾಸಣೆ ಮಾಡಿ. ಹೇಳುವವರು ಕೇಳುವವರು ಇಲ್ಲದೆ ಹಾಕಿಕೊಳ್ಳುತ್ತಾ ಹೋದರೆ ಕೆಲವರಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ. ಏರಿದ್ದು ಗೊತ್ತೇ ಆಗುವುದಿಲ್ಲ, ನೋವಿಲ್ಲ ಏನಿಲ್ಲ. ನರಕ್ಕೆ ಪೆಟ್ಟು ಬಿದ್ದ ಮೇಲೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಪೊರೆಯೂ ಬೇಗ ಬರಬಹುದು. ಅವತ್ತೇ ನನ್ನ ಕಣ್ಣಿನ ಒತ್ತಡ ಅಳೆದರು. ಸರಿ ಇತ್ತು. ಬಾಟಲಿ ಅಲ್ಲೇ ಕಸದ ಬುಟ್ಟಿಗೆ ಹೋಯಿತು.

ಆಮೇಲೆ ಸ್ಲಿಟ್ ಲ್ಯಾಂಪ್. ಗದ್ದ ಕೆಳಗಿನ ತಟ್ಟೆಯ ಮೇಲೆ, ಹಣೆ ಮೇಲಿನ ಪಟ್ಟಿಗೆ. ಎದುರಿಂದ ಒಂದು ಗೀರಿನಷ್ಟು ಬೆಳಕು ಬರುತ್ತದೆ, ಅದರ ಹಿಂದೆ ಸೂಕ್ಷ್ಮದರ್ಶಕ. ಕಣ್ಣಿಗೆ ತೊಂದರೆ ಅಂತ ಹೋದರೆ ಅವರು ಕಣ್ಣುಗುಡ್ಡೆಗಿಂತ ರೆಪ್ಪೆಯ ಅಂಚನ್ನೇ ಜಾಸ್ತಿ ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಮೇಲಿನ ರೆಪ್ಪೆ ಮಗುಚಿ. ಹಳದಿ ಬಣ್ಣ ಅಂಟಿಸಿದ ಸಣ್ಣ ಕಾಗದದ ಪಟ್ಟಿಯನ್ನು ಕಣ್ಣಿನ ಮೂಲೆಗೆ ತಾಗಿಸಿದರು. ನೀಲಿ ಬೆಳಕು ಹಾಕಿ, ರೆಪ್ಪೆ ಬಡಿಯದೆ ಹಾಗೇ ಇರಿ ಅಂತ ತಾವೇ ಮೆಲ್ಲಗೆ ಎಣಿಸಿದರು. ಕಣ್ಣೀರಿನ ತೆಳು ಪದರ ಕನಿಷ್ಠ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕಂತೆ. ನನ್ನದು ಅದರ ಅರ್ಧಕ್ಕೂ ನಿಲ್ಲಲಿಲ್ಲ. ಕೊನೆಗೆ ಹತ್ತಿಕಡ್ಡಿಯಿಂದ ಕೆಳರೆಪ್ಪೆಯ ಅಂಚನ್ನು ಸ್ವಲ್ಪ ಒತ್ತಿದರು. ಅಂಚಿನ ಮೇಲೆ ಸಾಲಾಗಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಎದ್ದವು. ಯಂತ್ರಕ್ಕೆ ಜೋಡಿಸಿದ್ದ ಪರದೆಯಲ್ಲಿ ಅದನ್ನು ನನಗೂ ತೋರಿಸಿದರು. ನನ್ನದೇ ಕಣ್ಣು ಅನಿಸಲಿಲ್ಲ.

ಅದರ ಹೆಸರು ಬ್ಲೆಫರೈಟಿಸ್. ರೆಪ್ಪೆಯ ಅಂಚಿನ ಉರಿಯೂತ. ಕಣ್ಣಿನ ಡಾಕ್ಟರುಗಳ ಹತ್ತಿರ ಬರುವ ತೀರಾ ಸಾಮಾನ್ಯ ತೊಂದರೆಗಳಲ್ಲಿ ಇದೂ ಒಂದು ಅಂದರು. ಇಷ್ಟು ಸಾಮಾನ್ಯವಾದದ್ದರ ಹೆಸರೇ ನಾನು ಕೇಳಿರಲಿಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ರೆಪ್ಪೆಯ ಒಳಗೆ ಉದ್ದುದ್ದ ಎಣ್ಣೆ ಗ್ರಂಥಿಗಳ ಸಾಲಿದೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಇವುಗಳ ಬಾಯಿ ತೆರೆಯುವುದು ರೆಪ್ಪೆಗೂದಲ ಸಾಲಿನ ಹಿಂದೆ, ಅಂಚಿನ ಮೇಲೆ. ನಾವು ರೆಪ್ಪೆ ಬಡಿದಾಗಲೆಲ್ಲ ಚೂರು ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ಹರಡುತ್ತದೆ. ಆ ಎಣ್ಣೆ ಇರುವುದರಿಂದಲೇ ಕಣ್ಣೀರು ಆರುವುದಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ಇವಕ್ಕೆ ಮೈಬೋಮಿಯನ್ ಗ್ರಂಥಿ ಅಂತ ಬರೆದಿತ್ತು. 1666ರಲ್ಲಿ ಇವನ್ನು ವಿವರಿಸಿ ಬರೆದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್‌ನ ಹೆಸರು ಅದು. ನನ್ನ ಗ್ರಂಥಿಗಳಲ್ಲಿ ಈ ಎಣ್ಣೆ ಗಟ್ಟಿಯಾಗಿ ಬಾಯಿ ಕಟ್ಟಿತ್ತು. "ಚಳಿಗಾಲದಾಗ ಕೊಬ್ಬರಿ ಎಣ್ಣಿ ಬಾಟಲಿ ನೋಡೀರಲ್ಲ, ಬೋರಲ ಹಾಕಿದ್ರೂ ಬರಂಗಿಲ್ಲ. ಏನ ಮಾಡ್ತೀರಿ ಆಗ?" ಅಂತ ಡಾಕ್ಟರು ಕೇಳಿದರು. ಬಿಸಿನೀರಲ್ಲಿ ಇಡ್ತೀವಿ ಅಂದೆ. ಅಷ್ಟೇ ಚಿಕಿತ್ಸೆ ಅಂದರು.

ಸುರಿಯುವ ನೀರಿನ ಒಗಟೂ ಅಲ್ಲೇ ಬಿಡಿಸಿತು. ಎಣ್ಣೆಯಿಲ್ಲದೆ ಕಣ್ಣೀರು ಬೇಗ ಆರುತ್ತದೆ. ಆರಿದ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಬಿಡುತ್ತದೆ. ಒಣಗಣ್ಣಿಗೇ ನೀರು ಸುರಿಯುವುದು ಅಂದರೆ ಯಾರು ನಂಬುತ್ತಾರೆ? ಇದಕ್ಕೆ ಕಂಪ್ಯೂಟರೂ ಕೈ ಜೋಡಿಸುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ ಹದಿನೈದರ ಸುಮಾರು ರೆಪ್ಪೆ ಬಡಿಯುವವರು ಪರದೆ ನೋಡುವಾಗ ಅದರ ಅರ್ಧಕ್ಕಿಂತ ಕಡಿಮೆ ಬಡಿಯುತ್ತಾರೆ. ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಬಡಿಯದಿದ್ದರೆ ಎಣ್ಣೆಯೂ ಬರುವುದಿಲ್ಲ.

ಅಷ್ಟರಲ್ಲಿ "ತಲಿಯಾಗ ಹೊಟ್ಟು ಅದೇನು?" ಅಂತ ಕೇಳಿದರು. ಇತ್ತು. ಹುಬ್ಬಿನಲ್ಲೂ ಒಂಚೂರು ಉದುರುತ್ತಿತ್ತು. ತಲೆಗೆ ಆಗುವುದೇ ರೆಪ್ಪೆಗೂದಲ ಬುಡಕ್ಕೂ ಆಗುತ್ತದಂತೆ. ಅದಕ್ಕೆ ಬೇರೆ ಕೀಟೋಕೋನಜೋಲ್ ಶಾಂಪೂ ಬರೆದರು. ಅದು ತಲೆಗೆ ಮಾತ್ರ, ಕಣ್ಣಿನ ಹತ್ತಿರ ತರಬೇಡಿ ಅಂತ ಎರಡು ಸಲ ಹೇಳಿದರು. ರೆಪ್ಪೆಗೂದಲ ಬುಡದಲ್ಲಿ ಡೆಮೊಡೆಕ್ಸ್ ಅನ್ನುವ ಹುಳ ಇದೆಯಾ ಅಂತಲೂ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣದು, ಮಿಲಿಮೀಟರಿನ ಮೂರನೇ ಒಂದು ಭಾಗ. ವಯಸ್ಸಾದಂತೆ ಬಹಳ ಜನರ ಚರ್ಮದಲ್ಲಿ ಸುಮ್ನೆ ಇರುತ್ತದೆ, ಮಿತಿಮೀರಿ ಬೆಳೆದರೆ ತೊಂದರೆ. ಹಾಗಾದರೆ ಕೂದಲ ಬುಡಕ್ಕೆ ಸುತ್ತಿದ ಹಾಗೆ ಮೇಣದಂಥ ಕೊಳವೆ ಕಾಣುತ್ತದೆ. ನನಗೆ ಅದಿರಲಿಲ್ಲ. ಆದರೆ ಹುಳ ಅನ್ನುವ ಮಾತು ಅಮ್ಮನ ಕಿವಿಗೆ ಬಿದ್ದಾಗಿತ್ತು. ಮನೆಗೆ ಬಂದವರೇ ದಿಂಬು, ಚಾದರ, ಕೌದಿ ಎಲ್ಲ ಬಿಸಿಲಿಗೆ ಹಾಕಿದರು.

ಪೂರ್ತಿ ವಾಸಿಯಾಗುತ್ತದಾ ಅಂತ ಕೇಳಿದೆ. ಡಾಕ್ಟರು ನಕ್ಕರು. ಹತೋಟಿಯಲ್ಲಿ ಇರುತ್ತದೆ, ನೀವು ಬಿಟ್ಟರೆ ಅದೂ ಬಾಲ ಬಿಚ್ಚುತ್ತದೆ ಅಂದರು. ಆಗ ನನಗೆ ಸಿಟ್ಟೇ ಬಂದಿತ್ತು. ಇಷ್ಟೆಲ್ಲ ಯಂತ್ರ, ಬಣ್ಣ, ಬೆಳಕು, ಕೊನೆಗೆ ಬಿಸಿ ಬಟ್ಟೆ ಇಡಿ ಅಂತ ಹೇಳಿ ಕಳಿಸುವುದಾ?

ಇನ್ನು ಆ ಬಿಸಿ ಬಟ್ಟೆಯ ಪುರಾಣ. ಮೊದಲ ಕೆಲವು ವಾರ ಬೆಳಿಗ್ಗೆ ಸಂಜೆ ಎರಡು ಹೊತ್ತು, ಪ್ರತಿ ಸಲ 5ರಿಂದ 10 ನಿಮಿಷ, ಮುಚ್ಚಿದ ಕಣ್ಣಿನ ಮೇಲೆ ಕಾವು. ಕೇಳಲು ಸುಲಭ. ಕರವಸ್ತ್ರವನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಇಟ್ಟರೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ. ಮತ್ತೆ ಅದ್ದು, ಮತ್ತೆ ಹಿಂಡು, ಮತ್ತೆ ಇಡು. ತಣ್ಣಗಾದ ಬಟ್ಟೆ ಇಟ್ಟುಕೊಂಡು ಹತ್ತು ನಿಮಿಷ ಮಲಗಿದರೆ ನಿದ್ದೆ ಬರಬಹುದು, ಎಣ್ಣೆ ಕರಗುವುದಿಲ್ಲ. ಒಳಗಿನ ಎಣ್ಣೆ ಕರಗಲು ರೆಪ್ಪೆಗೆ 40 ಡಿಗ್ರಿಯ ಆಸುಪಾಸು ಬಿಸಿ ಒಂದೇ ಸಮ ಸಿಗಬೇಕು. ನಾನು ಫ್ಲಾಸ್ಕಿನಲ್ಲಿ ಬಿಸಿನೀರು ಪಕ್ಕದಲ್ಲೇ ಇಟ್ಟುಕೊಂಡೆ. ಎರಡು ಬಟ್ಟೆ, ಒಂದು ಕಣ್ಣಿನ ಮೇಲೆ, ಒಂದು ನೀರಲ್ಲಿ.

ಇದನ್ನೆಲ್ಲ ಶುರು ಮಾಡಿದ್ದು ಬೇಸಿಗೆಯಲ್ಲಿ. ಹೊರಗೆ 42, 43 ಡಿಗ್ರಿ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಲ್ಲಿ ಕೈ ಇಡಲಾಗುವುದಿಲ್ಲ. ಅಂಥದ್ದರಲ್ಲಿ ನಾನು ಕಣ್ಣಿಗೆ ಬಿಸಿ ಬಟ್ಟೆ ಇಟ್ಟುಕೊಂಡು ಫ್ಯಾನಿನ ಕೆಳಗೆ ಅಂಗಾತ ಮಲಗಿರುತ್ತಿದ್ದೆ. ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು, "ಈ ಉರಿ ಬಿಸಿಲಾಗ ಕಣ್ಣಿಗಿ ಯಾರರ ಕಾವ ಕೊಡ್ತಾರೇನವ್ವಾ? ಸೌತಿಕಾಯಿ ಹೋಳ ಇಡಬೇಕು" ಅಂದರು. ತಪ್ಪೇನಿಲ್ಲ, ಸೌತೆಕಾಯಿ ತಂಪಾಗಿ ಹಿತವಾಗಿರುತ್ತದೆ. ಆದರೆ ತಂಪಿಗೆ ಈ ಎಣ್ಣೆ ಕರಗುವುದಿಲ್ಲವಲ್ಲ. ಬಿಸಿಲು ಹೊರಗೆ ಎಷ್ಟೇ ಇರಲಿ, ರೆಪ್ಪೆಯನ್ನು ಹತ್ತು ನಿಮಿಷ ಹದವಾಗಿ ಕಾಯಿಸುವ ಕೆಲಸ ಅದರಿಂದ ಆಗುವುದಿಲ್ಲ. ಬಿಸಿಗಾಳಿ ಕಣ್ಣೀರನ್ನು ಇನ್ನಷ್ಟು ಆರಿಸುತ್ತದೆ, ಅಷ್ಟೇ.

ದಾರಿ ತೋರಿಸಿದವರು ಅಜ್ಜಿ. ಬೆನ್ನು ನೋವಿಗೆ ಅವರು ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟುಕೊಳ್ಳುವವರು. ನನ್ನ ಅದ್ದು-ಹಿಂಡು ನೋಡಲಾರದೆ ಹಳೆಯ ಧೋತರದ ಮೆತ್ತನೆ ಬಟ್ಟೆಯಲ್ಲಿ ಎರಡು ಪದರದ ಉದ್ದ ಚೀಲ ಹೊಲಿದು, ಕೇರಿ ತೊಳೆದು ಒಣಗಿಸಿದ ಬಿಳಿಜೋಳ ಅರ್ಧದಷ್ಟು ತುಂಬಿದರು. ತವೆಯ ಮೇಲೆ ಸಣ್ಣ ಉರಿಯಲ್ಲಿ ಮಗುಚಿ ಕಾಯಿಸಿದರೆ ಕಾವು ಬಹಳ ಹೊತ್ತು ನಿಲ್ಲುತ್ತದೆ. ಮುಂದಿನ ಸಲ ಡಾಕ್ಟರಿಗೆ ಅದನ್ನೇ ಒಯ್ದು ತೋರಿಸಿದೆ. ಕೈಯಲ್ಲಿ ಹಿಡಿದು, ಹಿಸುಕಿ, ಮೂಸಿ ನೋಡಿ, ನಡೆಯುತ್ತದೆ ಅಂದರು. ಷರತ್ತು ಹಾಕಿದರು. ಹೊಲಿಗೆ ಬಿಗಿಯಾಗಿರಬೇಕು, ಜೋಳದ ಪುಡಿ ಹೊರಗೆ ಬರಬಾರದು. ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಬೇಕು, ಅಲ್ಲಿ ಚುರ್ ಅಂದರೆ ಕಣ್ಣಿಗೆ ಬೇಡ. ಗುಡ್ಡೆಯ ಮೇಲೆ ಒತ್ತಬಾರದು. ಮೇಲೆ ಒಂದು ಒದ್ದೆ ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು. ಅಜ್ಜಿಗೆ ಇದನ್ನು ಹೇಳಿದಾಗ, ಅದರಲ್ಲೇನು ದೊಡ್ಡದು ಅನ್ನುವ ಹಾಗೆ ಎಲೆ ಅಡಿಕೆಯ ಚಂಚಿ ಹುಡುಕತೊಡಗಿದರು. ಆದರೆ ಆ ವಾರ ಮನೆಗೆ ಬಂದ ಒಬ್ಬರನ್ನೂ ಬಿಡದೆ ಆ ಚೀಲ ತೋರಿಸಿದರು.

ಕಾವು ಕೊಟ್ಟ ಕೂಡಲೇ ತಿಕ್ಕಬೇಕು, ಎಣ್ಣೆ ಮತ್ತೆ ಗಟ್ಟಿಯಾಗುವ ಮೊದಲು. ತಿಕ್ಕುವುದು ಅಂದರೆ ಕಣ್ಣು ಉಜ್ಜುವುದಲ್ಲ. ಕಣ್ಣು ಮುಚ್ಚಿ, ಬೆರಳ ತುದಿಯಿಂದ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಗೆ, ಕೆಳಗಿನದನ್ನು ಕೆಳಗಿಂದ ಮೇಲೆ, ಕೂದಲ ಸಾಲಿನ ಕಡೆಗೆ ಹಗುರವಾಗಿ ನೀವುವುದು. ಆಮೇಲೆ ಒರೆಸುವುದು. ಕುದಿಸಿ ಆರಿಸಿದ ನೀರು ಒಂದು ಸಣ್ಣ ಬಟ್ಟಲು, ಅದಕ್ಕೆ ಕೆಲವೇ ಹನಿ ಬೇಬಿ ಶಾಂಪೂ. ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಕೂದಲ ಬುಡದುದ್ದಕ್ಕೂ ಮೆಲ್ಲಗೆ ಒರೆಸಿದರೆ ಹಕ್ಕಳೆ ಬಿಡುತ್ತದೆ. ಕೀಳಲು ಹೋಗಬಾರದು. ಒಂದು ಕಣ್ಣಿಗೆ ಒಂದು ಕಡ್ಡಿ. ಕೆಲವರಿಗೆ ಶಾಂಪೂ ಉರಿ ತರುತ್ತದೆ, ಅವರಿಗೆ ರೆಪ್ಪೆ ಒರೆಸಲೆಂದೇ ಮಾಡಿದ ತಯಾರಿ ವೈಪ್ಸ್ ಸಿಗುತ್ತವೆ. ಬೆಲೆ ಜಾಸ್ತಿ. ನನಗೆ ಶಾಂಪೂವೇ ಒಗ್ಗಿತು.

ಔಷಧವೂ ಇತ್ತು, ಆದರೆ ಅದು ಪೋಷಕ ಪಾತ್ರ. ರಾತ್ರಿ ಮಲಗುವಾಗ ಅಂಚಿಗೆ ಸವರಲು ಅಜಿತ್ರೋಮೈಸಿನ್ ಮುಲಾಮು. ಸವರಿದ ಮೇಲೆ ಮೊಬೈಲ್ ನೋಡಲು ಆಗುವುದಿಲ್ಲ, ಎಲ್ಲ ಮಸುಕು. ಅದೂ ಒಂದು ಲಾಭವೇ. ಹಗಲಿಗೆ ಕೃತಕ ಕಣ್ಣೀರಿನ ಹನಿ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಕೆಡದಂತೆ ಇಡುವ ರಾಸಾಯನಿಕ ಇಲ್ಲದ ಬಗೆ ತಗೊಳ್ಳಿ ಅಂದರು. ಕೆಲವು ವಾರದ ಮಟ್ಟಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಬರೆದರು. ಇದು ಆಂಟಿಬಯೋಟಿಕ್ ಆದರೂ ಇಲ್ಲಿ ಕೊಡುವುದು ಮುಖ್ಯವಾಗಿ ಉರಿಯೂತ ತಗ್ಗಿಸಲು, ಎಣ್ಣೆಯ ಗುಣ ಸುಧಾರಿಸಲು. ಬರೆಯುವ ಮೊದಲು ಬಸಿರಿದ್ದೀರಾ, ಮಗುವಿಗೆ ಹಾಲು ಕುಡಿಸುತ್ತಿದ್ದೀರಾ ಅಂತ ಕೇಳಿದರು. ಅಂಥವರಿಗೆ, ಸಣ್ಣ ಮಕ್ಕಳಿಗೆ ಇದು ಆಗದು. ಊಟವಾದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ನಾನು ತಗೊಳ್ಳುತ್ತಿದ್ದ ಕಬ್ಬಿಣದ ಮಾತ್ರೆಯ ಜೊತೆಗೆ ಒಟ್ಟಿಗೆ ಬೇಡ ಅಂದರು. ಇನ್ನೊಂದು, ಈ ಮಾತ್ರೆ ತಗೊಳ್ಳುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಆದಷ್ಟು ನೆರಳಲ್ಲಿರಿ. ಮೇ ತಿಂಗಳ ಕಲಬುರಗಿಯಲ್ಲಿ ನೆರಳು! ಕೊಡೆ ಹಿಡಿದು, ತಲೆ ತುಂಬ ಸೆರಗು ಹೊದ್ದು ಬಸ್ ಸ್ಟಾಪಿಗೆ ಹೋದೆ, ಇನ್ನೇನು ಮಾಡಲಿ.

ನಿಜವಾಗಿ ಕಷ್ಟವಾದದ್ದು ಕಾಡಿಗೆ ಬಿಡುವುದು. ನಮ್ಮ ಮನೆಯಲ್ಲಿ ಕಾಡಿಗೆ ಇಲ್ಲದೆ ಹೆಣ್ಣುಮಕ್ಕಳು ಹೊಸಿಲು ದಾಟುವುದಿಲ್ಲ. ಹಚ್ಚುವುದಾದರೂ ಎಲ್ಲಿ? ಸರಿಯಾಗಿ ಅಂಚಿನ ಒಳಗೆ, ಆ ಗ್ರಂಥಿಗಳ ಬಾಯಿ ಇರುವ ಜಾಗದಲ್ಲೇ. ಒಂದು ಕಡೆ ಬಿಸಿ ಮಾಡಿ ಬಾಯಿ ಬಿಡಿಸುವುದು, ಇನ್ನೊಂದು ಕಡೆ ಮೆತ್ತಿ ಮುಚ್ಚುವುದು. ಅಮ್ಮ ಮನೆಯಲ್ಲೇ ಹರಳೆಣ್ಣೆ ದೀಪದ ಮಸಿಯಲ್ಲಿ ಮಾಡಿದ್ದು, ಅದಕ್ಕೇನಾಗುತ್ತದೆ ಅಂತ ವಾದಿಸಿದರು. ಮನೆಯದ್ದಾದರೂ ಅಂಗಡಿಯದ್ದಾದರೂ ಮುಚ್ಚುವುದು ಮುಚ್ಚುವುದೇ. ಸುರ್ಮಾ ಹಚ್ಚುವವರಿಗೆ ಇನ್ನೊಂದು ಆತಂಕ, ಹಲವು ಬಗೆಯ ಸುರ್ಮಾದಲ್ಲಿ ಸೀಸ ಇರುತ್ತದೆ. ಕಾಡಿಗೆ ಬಿಟ್ಟ ಹೊಸತರಲ್ಲಿ ನೋಡಿದವರೆಲ್ಲ ಹುಷಾರಿಲ್ಲವಾ ಅಂತ ಕೇಳಿದರು. ಹುಷಾರಾಗಲೆಂದೇ ಬಿಟ್ಟದ್ದು ಅಂತ ಎಷ್ಟು ಜನಕ್ಕೆ ಹೇಳಲಿ.

ಫಲ ಒಮ್ಮೆಲೇ ಕಾಣಲಿಲ್ಲ. ಮೊದಲು ಅಂಟುವುದು ನಿಂತಿತು. ಆಮೇಲೆ ಯಾವಾಗಲೋ ಪರದೆಯ ಅಂಕಿಗಳು ಮಸುಕಾಗುವುದು ಕಡಿಮೆಯಾಗಿದೆ ಅಂತ ಗಮನಕ್ಕೆ ಬಂತು. ಕೆಂಪು ಎಲ್ಲಕ್ಕಿಂತ ಕೊನೆಗೆ ಹೋಯಿತು. ಆಗಷ್ಟೇ ಡಾಕ್ಟರು ನನ್ನ ಕನ್ನಡಕದ ನಂಬರ್ ಪರೀಕ್ಷೆ ಮಾಡಿದರು. ಕಣ್ಣೀರಿನ ಪದರವೇ ನೆಟ್ಟಗಿಲ್ಲದಾಗ ತೆಗೆದ ನಂಬರ್ ನಂಬುವ ಹಾಗಿಲ್ಲವಂತೆ. ಈಗ ಎರಡು ಹೊತ್ತಿನ ಕಾವು ಒಂದು ಹೊತ್ತಿಗೆ ಇಳಿದಿದೆ. ರಾತ್ರಿ ಊಟವಾದ ಮೇಲೆ ರೊಟ್ಟಿಯ ತವೆ ಇನ್ನೂ ಬಿಸಿ ಇರುವಾಗಲೇ ಜೋಳದ ಚೀಲ ಅದರ ಮೇಲೆ ಹೋಗುತ್ತದೆ. ಮಿಲ್ಲಿನಲ್ಲಿ ಮೇಜಿನ ಫ್ಯಾನಿನ ಮೋರೆಯನ್ನು ನನ್ನ ಮುಖದಿಂದ ಆಚೆ ತಿರುಗಿಸಿದ್ದೇನೆ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಚೂರು ಕೆಳಗೆ ಇಳಿಸಿದ್ದೇನೆ. ಕೆಳಗೆ ನೋಡಿದರೆ ಕಣ್ಣು ಅಷ್ಟಾಗಿ ತೆರೆದಿರುವುದಿಲ್ಲ, ಕಣ್ಣೀರು ಆರುವುದು ಕಡಿಮೆ. ಚೀಟಿಗಳ ಒಂದು ಕಟ್ಟು ಮುಗಿದಾಗಲೆಲ್ಲ ಕಣ್ಣು ಪೂರ್ತಿ ಮುಚ್ಚಿ ತೆರೆಯುತ್ತೇನೆ. ಹಮಾಲರು ಮೇಡಂ ನಿದ್ದೆ ಹೊಡೀಲತ್ತಾರ ಅಂದುಕೊಂಡರೆ ಅಂದುಕೊಳ್ಳಲಿ.

ಒಂದು ಸಲ ಕೆಳರೆಪ್ಪೆಯಲ್ಲಿ ಕುರು ಎದ್ದಿತ್ತು. ಈ ತೊಂದರೆ ಇರುವವರಿಗೆ ಅದು ಬರುವುದುಂಟು. ಹಿಸುಕದೆ ಕಾವು ಮಾತ್ರ ಜಾಸ್ತಿ ಮಾಡಿದೆ, ತಾನೇ ಇಳಿಯಿತು. ಇಳಿಯದೆ ಗಂಟಾಗಿ ಉಳಿದರೆ ತೋರಿಸಬೇಕು. ಕಣ್ಣೊಳಗೆ ನೋವು, ಬೆಳಕು ನೋಡಲಾಗದಿರುವುದು, ರೆಪ್ಪೆ ಬಡಿದರೂ ಸರಿಹೋಗದ ಮಬ್ಬು, ಇವು ಮೂರರಲ್ಲಿ ಒಂದು ಕಂಡರೂ ಜೋಳದ ಚೀಲ ಹಿಡಿದು ಕೂರದೆ ಅವತ್ತೇ ಬನ್ನಿ ಅಂತ ಡಾಕ್ಟರು ಚೀಟಿಯ ಹಿಂದೆ ಬರೆದೇ ಕೊಟ್ಟಿದ್ದಾರೆ.

ಮೊನ್ನೆ ಹೋದಾಗ ಮುಲಾಮು ನಿಲ್ಲಿಸಿದರು. ಕಾವು, ಒರೆಸುವುದು ಮುಂದುವರಿಯಬೇಕು. ಕಾಡಿಗೆ ಹಚ್ಚಬಹುದಾ ಅಂತ ಕೇಳಿಯೇ ಬಿಟ್ಟೆ. ಅಂಚಿನ ಒಳಗೆ ಬೇಡ, ಕೂದಲ ಸಾಲಿನ ಹೊರಗೆ, ಮದುವೆ ಗಿದುವೆ ಇದ್ದರೆ, ಅದೂ ರಾತ್ರಿ ಪೂರ್ತಿ ಒರೆಸಿ ಮಲಗುವುದಾದರೆ ಅಂದರು. ನಮ್ಮ ಕಾಕಾನ ಮಗಳ ಮದುವೆ ಬಸವ ಜಯಂತಿಯ ಆಸುಪಾಸಿನಲ್ಲಿದೆ.